ಬೆಂಕಿಪೊಟ್ಟಣದ ಹುಡುಗಿಯರು

ಆನಿ ಬೆಸೆಂಟರ ಹೆಸರು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಬಿಳಿಯ ಉಡುಪಿನ, ಬೆಳ್ಳಿಗೂದಲಿನ ವೃದ್ಧೆಯೊಬ್ಬರ ಚಿತ್ರ. ಅಡಿಯಾರಿನ ಬ್ರಹ್ಮವಿದ್ಯಾ ಸಮಾಜ, ಕಾಶಿಯ ಸೆಂಟ್ರಲ್ ಹಿಂದೂ ಕಾಲೇಜು, ಹೋಂ ರೂಲ್ ಚಳವಳಿ, 1917ರ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠ - ಇವೆಲ್ಲ ಆ ಚಿತ್ರಕ್ಕೆ ಕಟ್ಟಿದ ಚೌಕಟ್ಟು. ಮಂಗಳೂರಿನವರಿಗಂತೂ ಆ ಹೆಸರಿನ ಶಾಲೆಯೇ ಕಣ್ಣೆದುರಿಗಿದೆ. ಆದರೆ 1893ರಲ್ಲಿ ಭಾರತದ ನೆಲದ ಮೇಲೆ ಕಾಲಿಡುವುದಕ್ಕೆ ಐದು ವರ್ಷ ಮುಂಚೆ ಅವರು ಬೇರೊಬ್ಬ ಬೆಸೆಂಟ್ ಆಗಿದ್ದರು. ಆಗ ದೇವರಲ್ಲಿ ನಂಬಿಕೆಯಿಲ್ಲ, ಸಮಾಜವಾದದಲ್ಲಿ ನಂಬಿಕೆ. ಕೈಯಲ್ಲೊಂದು ಅರ್ಧ ಪೆನ್ನಿಯ ವಾರಪತ್ರಿಕೆ. ಅದರ ಹೆಸರು 'ದಿ ಲಿಂಕ್'. 1888ರ ಜೂನ್ ತಿಂಗಳಲ್ಲಿ ಅವರು ಲಂಡನ್ನಿನ ಪೂರ್ವಭಾಗದ ಬೋ ಎಂಬಲ್ಲಿದ್ದ ಕಾರ್ಖಾನೆಯೊಂದರ ಬಾಗಿಲಿಗೆ ಹೋಗಿ, ಕೆಲಸ ಮುಗಿಸಿ ಹೊರಬರುತ್ತಿದ್ದ ಹುಡುಗಿಯರನ್ನು ಮಾತಾಡಿಸಿ, ಅವರು ಹೇಳಿದುದನ್ನು ಬರೆದುಕೊಂಡರು. ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಬೆಂಕಿಕಡ್ಡಿ.

ಈ ಹುಡುಗಿಯರ ವೃತ್ತಾಂತವನ್ನು ಮುಷ್ಕರದ ವೃತ್ತಾಂತವನ್ನಾಗಿ ಹೇಳುವುದು ವಾಡಿಕೆ. ಕಾರ್ಮಿಕ ಚಳವಳಿಯ ಚರಿತ್ರೆಗಳಲ್ಲಿ ಅದಕ್ಕೆ ತಕ್ಕ ಗೌರವವೂ ದೊರೆತಿದೆ. ನನಗೆ ಅದಕ್ಕಿಂತ ಹೆಚ್ಚಾಗಿ ಮನಸ್ಸಿಗೆ ತಟ್ಟಿರುವುದು ಅವರ ದವಡೆಯ ವೃತ್ತಾಂತ. ಮುಷ್ಕರ ನಡೆದದ್ದು ಎರಡು ವಾರಕ್ಕಿಂತ ಕಡಮೆ. ದವಡೆಯ ವ್ಯಾಜ್ಯ ನಡೆದದ್ದು ಸುಮಾರು ಎಪ್ಪತ್ತು ವರ್ಷ.

ಬೆಂಕಿಪೊಟ್ಟಣ, ಕಡ್ಡಿಪೆಟ್ಟಿಗೆ - ಯಾವ ಹೆಸರಿನಿಂದ ಕರೆದರೂ ಅದು ನಮ್ಮ ಮನೆಗಳಲ್ಲಿ ಅತ್ಯಂತ ಅಗ್ಗದ ವಸ್ತು. ಸಾಲವಾಗಿ ಕೊಟ್ಟು ಮರೆತುಬಿಡುವಂಥದು. ಅದು ಬರುವ ಮುನ್ನ ಒಲೆ ಹೊತ್ತಿಸಬೇಕಾದರೆ ಪಕ್ಕದ ಮನೆಯಿಂದ ಕೆಂಡ ತರಬೇಕಾಗಿತ್ತು, ಇಲ್ಲವೆ ಚಕಮಕಿ ಕಲ್ಲನ್ನು ಕುಟ್ಟಬೇಕಾಗಿತ್ತು. ಇಂಗ್ಲೆಂಡಿನ ಸ್ಟಾಕ್‌ಟನ್ ಎಂಬ ಊರಿನ ಔಷಧದಂಗಡಿಯ ಜಾನ್ ವಾಕರ್ ಎಂಬಾತ ಕಡ್ಡಿಯ ತುದಿಗೆ ಆಂಟಿಮೊನಿ ಸಲ್ಫೈಡು ಮತ್ತು ಪೊಟಾಸಿಯಂ ಕ್ಲೋರೇಟುಗಳ ಲೇಪವನ್ನು ಹಚ್ಚಿ, ಉಪ್ಪುಕಾಗದದ ಮೇಲೆ ಎಳೆದು ಹೊತ್ತಿಸಿದ. ಅವನ ಲೆಕ್ಕದ ಪುಸ್ತಕದಲ್ಲಿ ಮೊದಲ ಮಾರಾಟ ದಾಖಲಾಗಿರುವುದು 1827ರ ಏಪ್ರಿಲ್ 7ರಂದು. ವಾಕರ್ ತನ್ನ ಕಡ್ಡಿಗೆ ಪೇಟೆಂಟ್ ಪಡೆಯಲಿಲ್ಲ. ಅವನ ಕಡ್ಡಿಯಿಂದ ಯಾರ ದವಡೆಯೂ ಕೊಳೆಯಲಿಲ್ಲ. ಆದರೆ ಅದು ಒಮ್ಮೆ ಹೊತ್ತಿದರೆ ಇನ್ನೊಮ್ಮೆ ಹೊತ್ತದು; ಹೊತ್ತಿದರೆ ಕಿಡಿ ಸಿಡಿಸುವುದು. 1830ರ ಸುಮಾರಿಗೆ ಫ್ರಾನ್ಸಿನ ಶಾರ್ಲ್ ಸೋರಿಯಾ ಎಂಬ ತರುಣ ಆ ಲೇಪಕ್ಕೆ ಬಿಳಿ ರಂಜಕವನ್ನು ಸೇರಿಸಿದ. ಅಲ್ಲಿಂದ ಮುಂದೆ ಕಡ್ಡಿಯನ್ನು ಗೋಡೆಗೆ ಗೀರಿದರೂ ಹೊತ್ತಿತು, ಬೂಟಿನ ಅಟ್ಟೆಗೆ ಗೀರಿದರೂ ಹೊತ್ತಿತು. ಯುರೋಪು ಈ ಕಡ್ಡಿಗೆ ಮರುಳಾಯಿತು.

ಇಲ್ಲಿ ಒಂದು ಮಾತು. ನಮ್ಮ ವಿಜ್ಞಾನದ ಪಠ್ಯಪುಸ್ತಕಗಳು ಫಾಸ್ಫರಸ್ ಎಂಬುದನ್ನು ರಂಜಕ ಎಂದು ಕರೆಯುತ್ತವೆ. ಗ್ರೀಕ್ ಮೂಲದ ಹೆಸರಿಗೆ ಬೆಳಕನ್ನು ಹೊತ್ತುತರುವುದು ಎಂದರ್ಥ. ನಮ್ಮ ಸಂಸ್ಕೃತ ಪದಕ್ಕೆ ಬಣ್ಣ ಕಟ್ಟುವುದು, ಮನಸ್ಸನ್ನು ಸೆಳೆಯುವುದು ಎಂಬ ಅರ್ಥಗಳು. ಎರಡೂ ಚೆಲುವಾದ ಹೆಸರುಗಳೇ. ಪದಗಳ ಒಳಹೊರಗನ್ನು ಕೆದಕುತ್ತ ಹೊಟ್ಟೆಹೊರೆಯುವ ನನ್ನಂಥವನಿಗೆ, ಇಷ್ಟು ಅಂದವಾದ ಹೆಸರಿನ ಹಿಂದೆ ಇಷ್ಟು ಕುರೂಪವಾದ ಕಾಯಿಲೆ ಅಡಗಿರುವುದನ್ನು ಕಂಡು ಮೈ ಜುಮ್ಮೆಂದುದು ಉಂಟು.

ಕಾರ್ಖಾನೆಯೊಳಗೆ ಏನು ನಡೆಯುತ್ತಿತ್ತೆಂಬುದನ್ನು ತಿಳಿಯದೆ ಕಾಯಿಲೆ ಅರ್ಥವಾಗುವುದಿಲ್ಲ. ಕಡ್ಡಿಗಳನ್ನು ಮೊದಲು ಎರಡರಷ್ಟು ಉದ್ದಕ್ಕೆ ಕತ್ತರಿಸುತ್ತಿದ್ದರು. ಅವನ್ನು ಚೌಕಟ್ಟುಗಳಲ್ಲಿ ಸಾಲಾಗಿ ಸಿಕ್ಕಿಸಿ, ಬಿಸಿ ಮಾಡಿದ ಕಲ್ಲಿನ ಇಲ್ಲವೆ ಕಬ್ಬಿಣದ ಹಾಸಿನ ಮೇಲೆ ಹರಡಿದ ಲೇಪದಲ್ಲಿ ಎರಡು ತುದಿಗಳನ್ನೂ ಅದ್ದುತ್ತಿದ್ದರು. ಆ ಲೇಪವೆಂದರೆ ಅಂಟು, ಕ್ಲೋರೇಟು, ಬಿಳಿ ರಂಜಕ. ಅದ್ದುವ ಕೆಲಸ ಸಾಮಾನ್ಯವಾಗಿ ಗಂಡಸರದು. ಆಮೇಲೆ ಕಡ್ಡಿಗಳು ಒಣಗಬೇಕು. ಒಣಗಿದ ಮೇಲೆ ಹುಡುಗಿಯರು ಅವನ್ನು ನಡುವೆ ಕತ್ತರಿಸಿ, ಹಿಡಿ ಹಿಡಿಯಾಗಿ ಪೊಟ್ಟಣಗಳಿಗೆ ತುಂಬುತ್ತಿದ್ದರು. ಇಷ್ಟು ಹೊತ್ತೂ ರಂಜಕ ಗಾಳಿಗೆ ಆವಿಯಾಗಿ ಏಳುತ್ತಲೇ ಇರುತ್ತಿತ್ತು. ಅದಕ್ಕೆ ಬೆಳ್ಳುಳ್ಳಿಯ ವಾಸನೆ. ಆ ವಾಸನೆ ಬಟ್ಟೆಗೆ, ಕೂದಲಿಗೆ, ತಂದುಕೊಂಡ ರೊಟ್ಟಿಗೆ ಹತ್ತುತ್ತಿತ್ತು. ರಾತ್ರಿ ಮನೆಗೆ ಹೋಗಿ ದೀಪ ಆರಿಸಿದರೆ ಕೈಗಳೂ ಉಡುಪೂ ಮಂಕಾಗಿ ಹೊಳೆಯುತ್ತಿದ್ದುವಂತೆ.

ಕಾಯಿಲೆ ಹಲ್ಲುನೋವಿನಿಂದ ಮೊದಲಾಗುವುದು. ಹುಳುಕು ಹಲ್ಲಿನ ಕುಳಿಯೊಳಗಿಂದ ಆವಿ ದವಡೆಯ ಎಲುಬಿಗೆ ಇಳಿಯುತ್ತದೆಂಬುದು ಅಂದಿನ ವೈದ್ಯರ ತರ್ಕ. ಒಸಡು ಊದಿ, ಕೀವು ತುಂಬಿ, ಕೆನ್ನೆಯಲ್ಲಿ ತೂತುಬಿದ್ದು ಸೋರತೊಡಗುತ್ತದೆ. ಎಲುಬು ಸಾಯುತ್ತದೆ; ಸತ್ತ ಎಲುಬು ತುಂಡು ತುಂಡಾಗಿ ಕಳಚಿಕೊಳ್ಳುತ್ತದೆ. ದುರ್ಗಂಧ ತಾಳಲಾರದೆ ಮನೆಯವರೇ ರೋಗಿಯನ್ನು ಬೇರೆ ಕೋಣೆಯಲ್ಲಿಡುವರು. ಕಟ್ಟಕಡೆಗೆ ಶಸ್ತ್ರವೈದ್ಯರು ದವಡೆಯನ್ನೇ ತೆಗೆದುಹಾಕಿದರೆ ಪ್ರಾಣ ಉಳಿದೀತು. ಸುಮಾರು ಐವರಲ್ಲಿ ಒಬ್ಬರಿಗೆ ಅದೂ ಉಳಿಯುತ್ತಿರಲಿಲ್ಲ. ಹರೆಯದ ಹುಡುಗಿಗೆ ಕೆಳದವಡೆ ಇಲ್ಲದ ಮುಖ ಎಂದರೇನೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವರೇ ಅದಕ್ಕೆ ಚಿಕ್ಕದೊಂದು ಅಡ್ಡಹೆಸರು ಇಟ್ಟುಕೊಂಡಿದ್ದರು: 'ಫಾಸಿ ಜಾ', ಎಂದರೆ ರಂಜಕದ ದವಡೆ. ದಿನನಿತ್ಯ ಕಾಣುವ ಭಯಕ್ಕೆ ಜನ ಹೀಗೆ ಮುದ್ದಿನ ಹೆಸರಿಡುವುದುಂಟು.

ಈ ಕಾಯಿಲೆಯನ್ನು ಗುರುತಿಸಿ ಮೊದಲು ಬರೆದವರು ವಿಯೆನ್ನಾ ನಗರದ ವೈದ್ಯ ಲೋರಿನ್ಸರ್. ಅಲ್ಲಿನ ಬೆಂಕಿಕಡ್ಡಿ ಕಾರ್ಖಾನೆಗಳಿಂದ ಬಂದ ರೋಗಿಗಳನ್ನು ಕೆಲವು ವರ್ಷ ನೋಡಿ, ಇವರೆಲ್ಲರ ದವಡೆ ಕೊಳೆಯುವುದಕ್ಕೆ ಕಾರಣ ರಂಜಕದ ಆವಿಯೆಂದು 1845ರಲ್ಲಿ ಪ್ರಕಟಿಸಿದರು. ಸಾಹಿತ್ಯದ ವಿದ್ಯಾರ್ಥಿಗಳು ಈ ವರ್ಷವನ್ನು ಇನ್ನೊಂದು ಕಾರಣಕ್ಕೂ ನೆನಪಿಡಬೇಕು. ಡೆನ್ಮಾರ್ಕಿನ ಹಾನ್ಸ್ ಆಂಡರ್ಸನ್ನನ ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆ ಅಚ್ಚಾದದ್ದೂ 1845ರ ಡಿಸೆಂಬರಿನಲ್ಲಿಯೆ. ಹಿಮದಲ್ಲಿ ಒಂದೊಂದೇ ಕಡ್ಡಿಯನ್ನು ಗೀರಿ ಗೋಡೆಯ ಮೇಲೆ ಕನಸು ಕಾಣುತ್ತ ಸಾಯುವ ಆ ಮಗುವಿಗಾಗಿ ಲೋಕವೆಲ್ಲ ಕಣ್ಣೀರು ಸುರಿಸಿತು. ಗೋಡೆಗೆ ಗೀರಿದರೆ ಹೊತ್ತುವ ಕಡ್ಡಿ ಅದು. ಎಂದರೆ ಬಿಳಿ ರಂಜಕದ್ದೇ ಇರಬೇಕು. ಕಡ್ಡಿ ಮಾರುವವಳನ್ನು ಕಥೆಗಾರ ಕಂಡ. ಕಡ್ಡಿ ಮಾಡುವವಳನ್ನು ಅದೇ ವರ್ಷ ವೈದ್ಯನೊಬ್ಬ ಕಂಡ. ಮೊದಲನೆಯವಳ ಹೆಸರು ಎಲ್ಲ ಭಾಷೆಗಳಿಗೂ ಹೋಯಿತು. ಎರಡನೆಯವಳ ವರದಿ ವೈದ್ಯರ ಕಪಾಟು ಸೇರಿತು. ಇದರಲ್ಲಿ ಆಂಡರ್ಸನ್ನನ ತಪ್ಪೇನೂ ಇಲ್ಲ.

ಇಂಗ್ಲೆಂಡಿನಲ್ಲಿ ವಿಷಯ ಗುಟ್ಟಾಗಿಯೇನೂ ಉಳಿಯಲಿಲ್ಲ. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆ 1852ರಲ್ಲಿಯೇ ಈ ಕೇಡಿನ ಬಗ್ಗೆ ಲೇಖನ ಪ್ರಕಟಿಸಿತು. 1860ರ ದಶಕದ ಮೊದಲಲ್ಲಿ ಸರ್ಕಾರದ ವೈದ್ಯಾಧಿಕಾರಿ ಜಾನ್ ಸೈಮನ್ನರ ಸೂಚನೆಯಂತೆ ಡಾಕ್ಟರ್ ಬ್ರಿಸ್ಟೋ ಕಾರ್ಖಾನೆಗಳನ್ನು ಸುತ್ತಿ ವಿವರವಾದ ವರದಿ ಕೊಟ್ಟರು. 1864ರ ಶಾಸನ ಬೆಂಕಿಕಡ್ಡಿ ಕಾರ್ಖಾನೆಗಳನ್ನು ಕಾರ್ಖಾನೆ ಕಾನೂನಿನ ಹಿಡಿತಕ್ಕೆ ತಂದಿತು. ಬೇಕಾದವರಿಗೆ ಬೇಕಾದಷ್ಟು ತಿಳಿದಿತ್ತು.

ಅಷ್ಟೇ ಅಲ್ಲ, ಪರಿಹಾರವೂ ತಿಳಿದಿತ್ತು! ಈ ಕಥೆಯಲ್ಲಿ ಮನಸ್ಸನ್ನು ಚುಚ್ಚುವುದು ಇದೇ. ರಂಜಕಕ್ಕೆ ಕೆಂಪು ರೂಪವೊಂದುಂಟು. 1840ರ ದಶಕದಲ್ಲಿ ಆಸ್ಟ್ರಿಯದ ರಸಾಯನಜ್ಞ ಶ್ರೋಟರ್ ಅದರ ಗುಣಗಳನ್ನು ತಿಳಿಯಪಡಿಸಿದರು. ಅದು ಸುಲಭವಾಗಿ ಆವಿಯಾಗುವುದಿಲ್ಲ, ತಾನಾಗಿ ಹೊತ್ತುವುದಿಲ್ಲ, ಬಿಳಿಯದರಂತೆ ವಿಷವೂ ಅಲ್ಲ. ಸ್ವೀಡನ್ನಿನ ಪಾಶ್ 1844ರಲ್ಲಿಯೇ ಒಂದು ಉಪಾಯ ಹೂಡಿದ್ದರು: ರಂಜಕವನ್ನು ಕಡ್ಡಿಯ ತಲೆಯಿಂದ ತೆಗೆದು ಪೊಟ್ಟಣದ ಮಗ್ಗುಲಿಗೆ ಬಳಿದುಬಿಡುವುದು. ಅವರ ನಾಡಿನ ಲುಂಡ್‌ಸ್ಟ್ರೋಮ್ ಸೋದರರು ಯೋನ್‌ಶೋಪಿಂಗ್ ಎಂಬ ಊರಿನಲ್ಲಿ ಕೆಂಪು ರಂಜಕದಿಂದ ಅದನ್ನು ಚೊಕ್ಕವಾಗಿ ಮಾಡಿ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಬಹುಮಾನ ಗಳಿಸಿದರು. ನಾವು ಇಂದು ಗೀರುವ ಕಡ್ಡಿ ಅದರದೇ ವಂಶ. ಕಡ್ಡಿಯ ತಲೆಯಲ್ಲಿ ಕ್ಲೋರೇಟು, ಪೊಟ್ಟಣದ ಮಗ್ಗುಲಿನ ಕಂದು ಪಟ್ಟಿಯಲ್ಲಿ ಗಾಜಿನ ಪುಡಿಯೊಡನೆ ಕೆಂಪು ರಂಜಕ. ಗೀರಿದಾಗ ಉಜ್ಜಿದ ಬಿಸಿಗೆ ಒಂದು ಕಣದಷ್ಟು ಕೆಂಪು ರಂಜಕ ಬಿಳಿಯದಾಗಿ ಮಾರ್ಪಟ್ಟು ಹೊತ್ತಿಕೊಳ್ಳುತ್ತದೆ. ಆ ಬಿಳಿ ರಂಜಕ ಹುಟ್ಟಿದ ಗಳಿಗೆಯಲ್ಲಿಯೇ ಉರಿದುಹೋಗುತ್ತದೆ. ಯಾರ ಮೂಗಿಗೂ ಬಾಯಿಗೂ ತಿಂಗಳುಗಟ್ಟಲೆ ಇಳಿಯುವುದಿಲ್ಲ.

ಹಾಗಾದರೆ 1855ರ ಅನಂತರವೂ ಬಿಳಿ ರಂಜಕದ ಕಡ್ಡಿ ಅರ್ಧ ಶತಮಾನ ಬಾಳಿದ್ದೇಕೆ? ಅದು ಅಗ್ಗವಾಗಿತ್ತು. ಮೇಲಾಗಿ, ಎಲ್ಲಿ ಬೇಕೆಂದರಲ್ಲಿ ಗೀರಬಹುದಾಗಿತ್ತು. ಪೊಟ್ಟಣದ ಮಗ್ಗುಲಿಗೇ ಗೀರಬೇಕೆಂಬ ಕಟ್ಟು ಗಿರಾಕಿಗೆ ಹಿಡಿಸಲಿಲ್ಲ. ಜೇಬಿನಿಂದ ಒಂದು ಬಿಡಿಕಡ್ಡಿ ತೆಗೆದು ಗೋಡೆಗೆ ಗೀರಿ ಚುಟ್ಟ ಹೊತ್ತಿಸುವ ಸುಖಕ್ಕೆ ಆತ ಒಗ್ಗಿಹೋಗಿದ್ದ. ಮಾಲೀಕರು "ನಾವೇನು ಮಾಡೋಣ, ಜನ ಕೇಳುವುದನ್ನು ಮಾರುತ್ತೇವೆ" ಎಂಬ ಧಾಟಿಯಲ್ಲಿ ವಾದಿಸುತ್ತಿದ್ದರು. ಈ ವಾದವನ್ನು ಬರಿಯ ನೆಪವೆಂದು ತಳ್ಳಿಹಾಕುವುದು ಸುಲಭ. ನಾನು ತಳ್ಳಿಹಾಕಲಾರೆ. ಹುಡುಗಿಯರ ದವಡೆಯ ಮೇಲೆ ಲಾಭ ಮಾಡಿದವರು ಪಾಲುದಾರರು, ದಿಟ. ಆದರೆ ಅರ್ಧ ಕಾಸು ಉಳಿಸಿದವರು ಮನೆಮನೆಯ ಸಭ್ಯ ಗೃಹಸ್ಥರು. ಅವರಾರೂ ಕ್ರೂರಿಗಳಲ್ಲ. ಪೊಟ್ಟಣದ ಮೇಲೆ ದವಡೆಯ ಚಿತ್ರ ಇರಲಿಲ್ಲ, ಅಷ್ಟೇ.

ಬೋ ಪ್ರದೇಶದ ಆ ಕಾರ್ಖಾನೆ ಬ್ರಯಂಟ್ ಅಂಡ್ ಮೇ ಎಂಬ ಕಂಪನಿಯದು. ಸ್ಥಾಪಕರಾದ ವಿಲಿಯಂ ಬ್ರಯಂಟ್ ಮತ್ತು ಫ್ರಾನ್ಸಿಸ್ ಮೇ ಕ್ವೇಕರ್ ಪಂಥದವರು. ಸತ್ಯ, ಸರಳತೆ, ದಯೆಗಳಿಗೆ ಹೆಸರಾದ ಪಂಥ ಅದು. ಲುಂಡ್‌ಸ್ಟ್ರೋಮರ ಕೆಂಪು ರಂಜಕದ ಕಡ್ಡಿಯ ಬ್ರಿಟಿಷ್ ಹಕ್ಕನ್ನು ಕೊಂಡವರೂ ಇವರೇ. 1861ರಲ್ಲಿ ಬೋನಲ್ಲಿ ಕಾರ್ಖಾನೆ ತೆರೆದಾಗ ಆ ಕಡ್ಡಿಯನ್ನೇ ಮುಂದೆ ತರುವ ಹಂಬಲ ಅವರಿಗಿದ್ದಿತು. ಹೆಚ್ಚು ಖರ್ಚಾದದ್ದು ಮಾತ್ರ ಬಿಳಿಯದು. ಒಂದೇ ಸೂರಿನಡಿಯಲ್ಲಿ ಎರಡೂ ತಯಾರಾದುವು. ಮಕ್ಕಳ ಕಾಲಕ್ಕೆ ಕಂಪನಿ ಷೇರುಗಳ ಕಂಪನಿಯಾಗಿ ಪಾಲುದಾರರಿಗೆ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಲಾಭ ಹಂಚತೊಡಗಿತು. ಪಾಲುದಾರರಲ್ಲಿ ಪಾದ್ರಿಗಳೂ ಇದ್ದರೆಂಬುದನ್ನು ಬೆಸೆಂಟರು ಎತ್ತಿ ಆಡದೆ ಬಿಡಲಿಲ್ಲ.

ಕಂಪನಿ ಕಾಯಿಲೆಯ ವಿಷಯದಲ್ಲಿ ಕೈಕಟ್ಟಿ ಕುಳಿತಿತ್ತೆಂದು ಹೇಳಿದರೆ ಅನ್ಯಾಯವಾದೀತು. ಹಲ್ಲುನೋವೆಂದವರು ಹಲ್ಲು ಕೀಳಿಸಿಕೊಳ್ಳಬೇಕು, ಇಲ್ಲವೆ ಕೆಲಸ ಬಿಡಬೇಕು ಎಂಬ ಕಟ್ಟಳೆ ಇತ್ತು. ಇಂಗ್ಲೆಂಡಿನ ಕೆಲವು ಕಾರ್ಖಾನೆಗಳಲ್ಲಿ ಕೆಲಸಗಾರರ ಕೊರಳಿಗೆ ಟರ್ಪೆಂಟೈನ್ ಎಣ್ಣೆಯ ತಗಡಿನ ಡಬ್ಬಿಯನ್ನು ಕಟ್ಟುತ್ತಿದ್ದರು. ಅದರ ಆವಿ ರಂಜಕದ ಆವಿಯನ್ನು ತಡೆಯುವುದೆಂದು ನಂಬಿಕೆ. ಕೈ ತೊಳೆಯಿರಿ, ಕಿಟಕಿ ತೆರೆಯಿರಿ, ಕೆಲಸದ ಮೇಜಿನ ಮೇಲೆ ಊಟ ಮಾಡಬೇಡಿರಿ - ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಇವುಗಳ ಬಗೆಯನ್ನು ನೋಡಿ. ವಿಷವನ್ನು ಇದ್ದಲ್ಲಿಯೇ ಇರಗೊಟ್ಟು, ಅದರಿಂದ ತಪ್ಪಿಸಿಕೊಳ್ಳುವ ಹೊಣೆಯನ್ನು ಹದಿನೈದು ವರ್ಷದ ಹುಡುಗಿಯ ಮೇಲೆ ಹೊರಿಸಿದಂತಾಯಿತು. ಹುಳುಕು ಹಲ್ಲಿನವಳು ತನ್ನ ಹಲ್ಲುನೋವನ್ನು ಬಚ್ಚಿಟ್ಟುಕೊಂಡಳು. ಹೇಳಿದರೆ ಹಲ್ಲು ಹೋಗುವುದು, ಇಲ್ಲದಿದ್ದರೆ ಕೂಲಿ ಹೋಗುವುದು. ಹೇಳದಿದ್ದರೆ ದವಡೆ ಹೋದೀತು, ಹೋಗದೆಯೂ ಇದ್ದೀತು. ಬಡವರು ಇಂಥ ಲೆಕ್ಕದಲ್ಲಿ ಯಾವ ಕಡೆಗೆ ವಾಲುವರೆಂಬುದನ್ನು ಊಹಿಸುವುದು ಕಷ್ಟವಲ್ಲ. ಇಂದಿನ ಕಾರ್ಖಾನೆ ಆರೋಗ್ಯಶಾಸ್ತ್ರ ತನ್ನ ಮೆಟ್ಟಿಲುಗಳನ್ನು ಇದಕ್ಕೆ ತಲೆಕೆಳಗಾಗಿ ಜೋಡಿಸುತ್ತದೆ: ಮೊದಲು ವಿಷವನ್ನೇ ತೆಗೆ, ಇಲ್ಲವೆ ಬೇರೆಯದನ್ನು ಬಳಸು, ಆಗದಿದ್ದರೆ ಅದನ್ನು ಮುಚ್ಚಿಡು, ಗಾಳಿಯನ್ನು ಹೀರಿ ಹೊರಹಾಕು, ಮುಖವಾಡ, ಕೈಚೀಲ, ತಪಾಸಣೆ ಕಟ್ಟಕಡೆಗೆ. ಓದುವಾಗ ಇದು ಸಾಮಾನ್ಯ ವಿವೇಕದಂತೆ ಕಾಣುತ್ತದೆ. ಆ ವಿವೇಕ ಬರುವುದಕ್ಕೆ ಹಿಡಿದ ಕಾಲವೇ ಈ ಲೇಖನದ ವಸ್ತು.

ಇನ್ನು ಮುಷ್ಕರಕ್ಕೆ ಬರೋಣ. ಜೂನ್ 15ರಂದು ನಡೆದ ಸಭೆಯೊಂದರಲ್ಲಿ ಕ್ಲೆಮೆಂಟಿನಾ ಬ್ಲ್ಯಾಕ್ ಎಂಬಾಕೆ ಹೆಂಗಸರ ದುಡಿಮೆಯ ಕುರಿತು ಮಾತಾಡಿದರು; ಬ್ರಯಂಟ್ ಕಂಪನಿಯ ಕೂಲಿ, ಲಾಭಗಳ ಮಾತು ಅಲ್ಲಿ ಬಂದಿತು. ಬೆಸೆಂಟರು ಕೇಳಿ ಸುಮ್ಮನಾಗಲಿಲ್ಲ. ಜೂನ್ 23ರ 'ಲಿಂಕ್' ಪತ್ರಿಕೆಯಲ್ಲಿ ಅವರ ಲೇಖನ ಬಂದಿತು. ಶೀರ್ಷಿಕೆ 'ಲಂಡನ್ನಿನಲ್ಲಿ ಬಿಳಿಯರ ಗುಲಾಮಗಿರಿ'. ವಾರಕ್ಕೆ ನಾಲ್ಕು ಷಿಲಿಂಗ್ ಕೂಲಿಯ ಹುಡುಗಿಗೆ ಕಾಲು ಕೊಳೆಯಾಗಿದ್ದರೆ ಮೂರು ಪೆನ್ನಿ ಜುಲ್ಮಾನೆ, ಮೇಜಿನ ಮೇಲೆ ಕಡ್ಡಿ ಬಿಟ್ಟಿದ್ದರೆ ಮೂರು ಪೆನ್ನಿ, ತಡವಾದರೆ ಐದು ಪೆನ್ನಿ. ಅಂಗೈಯಷ್ಟು ರೊಟ್ಟಿ, ಚಹಾ, ಬೆಣ್ಣೆಯಲ್ಲಿ ದಿನಕಳೆಯುವ ಮಕ್ಕಳು. ಇನ್ನೊಂದು ಸಂಗತಿಯನ್ನೂ ಅವರು ಬರೆದರು. ಕಂಪನಿಯ ಥಿಯೊಡೋರ್ ಬ್ರಯಂಟ್ ಪ್ರಧಾನಮಂತ್ರಿ ಗ್ಲ್ಯಾಡ್‌ಸ್ಟನ್ನರ ಪ್ರತಿಮೆಯನ್ನು ಊರಿಗೆ ಕಾಣಿಕೆಯಾಗಿ ಕೊಟ್ಟಿದ್ದರು. ಅದಕ್ಕಾಗಿ ಹುಡುಗಿಯರ ಕೂಲಿಯಿಂದ ಒಂದೊಂದು ಷಿಲಿಂಗ್ ಮುರಿದುಕೊಂಡರೆಂದೂ, ಪ್ರತಿಮೆಯ ಅನಾವರಣದ ದಿನ ಕೆಲವರು ತೋಳು ಕೊಯ್ದುಕೊಂಡು ಅದರ ಪೀಠದ ಮೇಲೆ ರಕ್ತ ಸುರಿಸಿದರೆಂದೂ ಅವರಿಗೆ ಹೇಳಿದ್ದರು. ಬೋ ಚರ್ಚಿನ ಬಳಿ 1882ರಿಂದ ನಿಂತಿರುವ ಆ ಪ್ರತಿಮೆಯ ಕೈಗಳಿಗೆ ಯಾರೋ ಕೆಂಪು ಬಣ್ಣ ಬಳಿಯುವ ಪದ್ಧತಿ ನಮ್ಮ ಕಾಲಕ್ಕೂ ಉಳಿದುಬಂದಿದೆ.

ಲೇಖನದಲ್ಲಿರುವುದೆಲ್ಲ ಸುಳ್ಳೆಂದು ಬರೆದ ಕಾಗದಕ್ಕೆ ರುಜು ಹಾಕಿರೆಂದು ಹುಡುಗಿಯರನ್ನು ಒತ್ತಾಯಿಸಲಾಯಿತು. ಅವರು ಹಾಕಲಿಲ್ಲ. ಒಬ್ಬಳನ್ನು ಕೆಲಸದಿಂದ ತೆಗೆದರು. ಜುಲೈ ಮೊದಲ ವಾರದಲ್ಲಿ ಸುಮಾರು 1,400 ಮಂದಿ ಕೆಲಸ ಬಿಟ್ಟು ಬೀದಿಗೆ ಬಂದರು. ಮರುದಿನ ಇನ್ನೂರರಷ್ಟು ಮಂದಿ ನಡೆದುಕೊಂಡೇ ಬೆಸೆಂಟರ ಕಚೇರಿಯ ಮುಂದೆ ನಿಂತಾಗ ಅವರಿಗೆ ಆಶ್ಚರ್ಯವಾಯಿತು. ಮುಷ್ಕರ ಮಾಡಿರೆಂದು ಅವರು ಹೇಳಿಯೇ ಇರಲಿಲ್ಲ. ಬೆಸೆಂಟರೇ ಮುಷ್ಕರ ಹೂಡಿಸಿದರೆಂಬ ಕಥೆ ಬಹುಕಾಲ ನಡೆದುಬಂದಿತು. ಅದನ್ನು ನಡೆಸಿದವರು ಸಾರಾ ಚಾಪ್‌ಮನ್ನಳಂಥ ಕಾರ್ಖಾನೆಯ ಹೆಣ್ಣುಮಕ್ಕಳೇ ಎಂಬುದನ್ನು ಇತ್ತೀಚಿನ ಸಂಶೋಧಕರು ಎತ್ತಿ ತೋರಿಸಿದ್ದಾರೆ. ಬೆಸೆಂಟರ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಹಣ ಕೂಡಿಸಿದರು, ಪಾರ್ಲಿಮೆಂಟಿನ ಸದಸ್ಯರ ಬಳಿಗೆ ಹುಡುಗಿಯರನ್ನು ಕರೆದೊಯ್ದರು, ಪತ್ರಿಕೆಗಳನ್ನು ಎಬ್ಬಿಸಿದರು. ಲಂಡನ್ನಿನ ಕಾರ್ಮಿಕ ಸಂಘಗಳ ಮಂಡಳಿ ನಡುವೆ ಬಂದು ಜುಲೈ ಮಧ್ಯಭಾಗದಲ್ಲಿ ಒಪ್ಪಂದವಾಯಿತು. ಜುಲ್ಮಾನೆ ರದ್ದು, ಕೂಲಿ ಮುರಿಯುವುದು ರದ್ದು, ತೆಗೆದವರು ಮರಳಿ ಕೆಲಸಕ್ಕೆ, ಸಂಘ ಕಟ್ಟಲು ಒಪ್ಪಿಗೆ. ಮುಂದಿನ ವರ್ಷದ ಹಡಗುಕಟ್ಟೆಯ ಕೂಲಿಗಳ ಮಹಾಮುಷ್ಕರಕ್ಕೆ ಈ ಗೆಲುವು ಧೈರ್ಯ ಕೊಟ್ಟಿತೆನ್ನುತ್ತಾರೆ.

ರಂಜಕದ ಮಾತು? ಒಪ್ಪಂದದಲ್ಲಿ ಅದಕ್ಕೆ ದೊರೆತದ್ದು ಒಂದು ಕೋಣೆ. ವಿಷದ ಗಾಳಿಯಲ್ಲಿ ಕುಳಿತು ತಿನ್ನದಂತೆ ಬೆಳಗಿನ ತಿಂಡಿಗೆ ಬೇರೆ ಕೋಣೆ ಕೊಡುವುದೆಂದು ಕಂಪನಿ ಒಪ್ಪಿತು. ಬಿಳಿ ರಂಜಕ ಮಾತ್ರ ಇನ್ನೂ ಹದಿಮೂರು ವರ್ಷ ಅಲ್ಲಿಯೇ ಉಳಿಯಿತು. ಇದನ್ನು ಹೋರಾಟದ ಸೋಲೆಂದು ನಾನು ಹೇಳುವುದಿಲ್ಲ. ಜುಲ್ಮಾನೆ ಇವತ್ತಿನ ಹಸಿವು. ದವಡೆ ಎಂದೋ ಬರಬಹುದಾದ ಸಾವು. ಇವತ್ತಿನ ಹಸಿವಿಗೆ ಮೊದಲು ಮರುಗುವುದು ಮನುಷ್ಯಸಹಜ. ಕಾಣದ ವಿಷದ ಎದುರು ಕೆಲಸಗಾರರು ತಾವಾಗಿ ಹೂಡಬಹುದಾದ ಹೋರಾಟಕ್ಕೆ ಎಲ್ಲೆಯುಂಟು. ಅಲ್ಲಿ ವೈದ್ಯ ಬೇಕು, ರಸಾಯನಜ್ಞ ಬೇಕು, ಕಾನೂನು ಬೇಕು.

ಈ ಮೂವರೂ ನಿಧಾನವಾಗಿ ಬಂದರು. ಅವರಿಗಿಂತ ಮುಂದಾಗಿ ಬಂದವರು, ವಿಚಿತ್ರವೆಂದರೆ, ತುತ್ತೂರಿ ನಗಾರಿಗಳ ಮುಕ್ತಿಸೇನೆಯವರು. ಜನರಲ್ ವಿಲಿಯಂ ಬೂತ್ 1891ರಲ್ಲಿ ಹತ್ತಿರದ ಓಲ್ಡ್ ಫೋರ್ಡಿನಲ್ಲಿ ಕೆಂಪು ರಂಜಕವನ್ನಷ್ಟೇ ಬಳಸುವ ಕಾರ್ಖಾನೆ ತೆರೆದು, ಉಳಿದವರಿಗಿಂತ ಹೆಚ್ಚು ಕೂಲಿ ಕೊಟ್ಟರು. ಸೇನೆಯವರು ಪಾರ್ಲಿಮೆಂಟ್ ಸದಸ್ಯರನ್ನೂ ಪತ್ರಕರ್ತರನ್ನೂ ರೋಗಿಗಳ ಮನೆಗಳಿಗೇ ಕರೆದುಕೊಂಡು ಹೋಗಿ ಕೊಳೆತ ದವಡೆಯನ್ನು ಕಣ್ಣಾರೆ ತೋರಿಸಿದರು. ಅವರ ಕಡ್ಡಿ ಬೆಲೆಯಲ್ಲಿ ಸೋತಿತು; ಹತ್ತು ವರ್ಷಕ್ಕೆ ಕಾರ್ಖಾನೆ ನಿಂತಿತು. ಅಷ್ಟರೊಳಗೆ ಅದರ ಕೆಲಸ ಮುಗಿದಿತ್ತು.

1895ರ ಕಾರ್ಖಾನೆ ಶಾಸನ ಒಂದು ಸಣ್ಣ ವಿಧಿಯನ್ನು ಸೇರಿಸಿತು. ಸೀಸ, ರಂಜಕ, ಶಂಖಪಾಷಾಣಗಳ ವಿಷವೇರಿದ ರೋಗಿ ಮತ್ತು ಆಂಥ್ರಾಕ್ಸ್ ರೋಗಿ ಕಂಡರೆ ಕಾರ್ಖಾನೆಯ ಇನ್‌ಸ್ಪೆಕ್ಟರಿಗೆ ಬರೆದು ತಿಳಿಸಲೇಬೇಕು. ಗದ್ದಲವಿಲ್ಲದ ವಿಧಿ ಇದು. ಆದರೆ ನನ್ನ ಎಣಿಕೆಯಲ್ಲಿ ಇಡೀ ಕಥೆಯ ತಿರುವು ಇಲ್ಲಿದೆ. ಎಣಿಸದ ಕಾಯಿಲೆ ಇಲ್ಲದ ಕಾಯಿಲೆ. ಎಣಿಸಲೇಬೇಕೆಂದು ಕಾನೂನಾದ ಮೇಲೆ ಎಣಿಸದಿರುವುದೇ ಅಪರಾಧವಾಯಿತು. 1898ರಲ್ಲಿ, ಹದಿನೇಳು ದವಡೆರೋಗಿಗಳ ಸಂಗತಿಯನ್ನು ತಿಳಿಸದೆ ಮುಚ್ಚಿಟ್ಟುದಕ್ಕಾಗಿ ಬ್ರಯಂಟ್ ಅಂಡ್ ಮೇ ಕಂಪನಿಗೆ ನ್ಯಾಯಾಲಯ ದಂಡ ಹಾಕಿತು. ದಂಡ ಇಪ್ಪತ್ತೈದು ಪೌಂಡು, ಒಂಬತ್ತು ಷಿಲಿಂಗ್. ತಲೆಗೆ ಒಂದೂವರೆ ಪೌಂಡು. ಹಣ ಏನೇನೂ ಅಲ್ಲ. ಮಾನ ಹೋಯಿತು. ಅದೇ ವರ್ಷ ಬ್ರಿಟನ್ ತನ್ನ ಮೊದಲ ಕಾರ್ಖಾನೆ ವೈದ್ಯ ಇನ್‌ಸ್ಪೆಕ್ಟರನ್ನು ನೇಮಿಸಿತು: ಥಾಮಸ್ ಲೆಗ್. ಮಾಲೀಕ ತನ್ನ ಕೈಲಾದುದನ್ನೆಲ್ಲ ಮಾಡುವವರೆಗೆ ಕೆಲಸಗಾರ ತನ್ನನ್ನು ತಾನು ಕಾಪಾಡಿಕೊಳ್ಳಲು ಹೆಚ್ಚೇನೂ ಮಾಡಲಾರ ಎಂಬುದು ಅವರ ಅನುಭವದ ಸಾರ. ಅದನ್ನವರು ಬಾಯಿಮಾತಾಗಿ ಇಟ್ಟುಕೊಂಡವರಲ್ಲ. ಮುಂದೆ 1926ರಲ್ಲಿ, ಬಣ್ಣದಲ್ಲಿ ಬಿಳಿ ಸೀಸದ ಬಳಕೆಯನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವನ್ನು ತಮ್ಮ ಸರ್ಕಾರ ಅಂಗೀಕರಿಸದೆ ಹೋದಾಗ ಹುದ್ದೆಗೆ ರಾಜೀನಾಮೆ ಕೊಟ್ಟು ನಡೆದರು.

ರಸಾಯನಜ್ಞರ ಕಡೆಯಿಂದ ಬಿಡುಗಡೆ ಬಂದದ್ದು ಫ್ರಾನ್ಸಿನಿಂದ. ಅಲ್ಲಿ ಬೆಂಕಿಕಡ್ಡಿಯ ಉದ್ಯಮ ಸರ್ಕಾರದ ಏಕಸ್ವಾಮ್ಯದಲ್ಲಿತ್ತು; ಆದುದರಿಂದ ರೋಗಿಗಳ ಶಾಪವೂ ಸರ್ಕಾರದ ತಲೆಗೇ. 1898ರಲ್ಲಿ ಆ ಉದ್ಯಮದ ಸೆವೆನ್ ಮತ್ತು ಕಾಯೆನ್ ಎಂಬಿಬ್ಬರು ರಂಜಕದ ಒಂದು ಗಂಧಕ ಸಂಯುಕ್ತವನ್ನು ಕಡ್ಡಿಯ ತಲೆಗೆ ಹಾಕಿ ನೋಡಿದರು. ಎಲ್ಲಿ ಗೀರಿದರೂ ಹೊತ್ತಿತು, ದವಡೆಗೆ ಕೇಡಿಲ್ಲ. ಗಿರಾಕಿಯ ಹಟವೂ ಉಳಿಯಿತು, ಹುಡುಗಿಯ ಮುಖವೂ ಉಳಿಯಿತು. 1901ರಲ್ಲಿ ಬೋ ಕಾರ್ಖಾನೆ ಬಿಳಿ ರಂಜಕಕ್ಕೆ ವಿದಾಯ ಹೇಳಿತು.

ಕಾನೂನು ಕೊನೆಗೆ ಬಂದಿತು. ಫಿನ್ಲೆಂಡ್ 1872ರಲ್ಲಿಯೂ ಡೆನ್ಮಾರ್ಕ್ 1874ರಲ್ಲಿಯೂ ಬಿಳಿ ರಂಜಕದ ಕಡ್ಡಿಯನ್ನು ನಿಷೇಧಿಸಿ ಆಗಿತ್ತು. ಸಣ್ಣ ದೇಶಗಳಿಗೆ ಸಾಧ್ಯವಾದದ್ದು ಸಾಮ್ರಾಜ್ಯಕ್ಕೆ ಮೂವತ್ತು ವರ್ಷ ಸಾಧ್ಯವಾಗಲಿಲ್ಲ. ಒಬ್ಬರು ಬಿಟ್ಟರೆ ನೆರೆಯವನು ಅಗ್ಗವಾಗಿ ಮಾರಿ ಲಾಭ ಹೊಡೆಯುವನೆಂಬ ಅಳುಕನ್ನು ಕಳೆಯಲು 1906ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಒಪ್ಪಂದ ಮಾಡಿಕೊಂಡವು. ಕೆಲಸಗಾರರ ಆರೋಗ್ಯಕ್ಕಾಗಿ ದೇಶದೇಶಗಳು ಕೂಡಿ ಮಾಡಿಕೊಂಡ ಒಪ್ಪಂದಗಳಲ್ಲಿ ಇದು ಮೊದಲ ಸಾಲಿನದು. ಬ್ರಿಟನ್ 1908ರಲ್ಲಿ ಶಾಸನ ಮಾಡಿತು. ಅಮೆರಿಕದವರು ತಮ್ಮಲ್ಲಿ ಇಂಥ ಕಾಯಿಲೆಯೇ ಇಲ್ಲವೆಂದು ನಂಬಿದ್ದರು. ಜಾನ್ ಆಂಡ್ರೂಸ್ ಎಂಬ ತರುಣ ವಿದ್ವಾಂಸರು ಕಾರ್ಖಾನೆಗಳನ್ನು ಸುತ್ತಿ ನೂರಕ್ಕೂ ಹೆಚ್ಚು ರೋಗಿಗಳನ್ನು ಪತ್ತೆಹಚ್ಚಿ 1910ರಲ್ಲಿ ವರದಿ ಮಾಡಿದಾಗ ಕಣ್ಣು ತೆರೆಯಿತು. ಹೊಸ ಸಂಯುಕ್ತದ ಅಮೆರಿಕನ್ ಪೇಟೆಂಟ್ ಡೈಮಂಡ್ ಮ್ಯಾಚ್ ಕಂಪನಿಯ ಕೈಲಿತ್ತು. ಅಧ್ಯಕ್ಷ ಟಾಫ್ಟರ ಒತ್ತಾಯವೂ ಸೇರಿ, 1911ರಲ್ಲಿ ಅದು ತನ್ನ ಹಕ್ಕನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಮರುವರ್ಷ ಅಮೆರಿಕದ ಸಂಸತ್ತು ಬಿಳಿ ರಂಜಕದ ಕಡ್ಡಿಗೆ ನೂರಕ್ಕೆ ಎರಡು ಸೆಂಟ್ ತೆರಿಗೆ ಹಾಕಿತು. ನಿಷೇಧಿಸುವ ಅಧಿಕಾರ ತನಗುಂಟೋ ಇಲ್ಲವೋ ಎಂಬ ಸಂದೇಹಕ್ಕೆ ತೆರಿಗೆಯ ಭಾರದಿಂದಲೇ ಅದನ್ನು ಕೊಂದ ಜಾಣತನ ಅದು.

ಭಾರತದಲ್ಲಿ ಬಿಳಿ ರಂಜಕದ ಕಡ್ಡಿಯ ಆಮದು, ತಯಾರಿಕೆ, ಮಾರಾಟಗಳನ್ನು ನಿಷೇಧಿಸುವ ಶಾಸನ ಬಂದದ್ದು 1913ರಲ್ಲಿ. ಆಗ ನಮ್ಮ ಒಲೆಗಳನ್ನು ಹೊತ್ತಿಸುತ್ತಿದ್ದುದು ಬಹುಮಟ್ಟಿಗೆ ಸ್ವೀಡನ್ ಮತ್ತು ಜಪಾನಿನ ಕಡ್ಡಿಗಳು. ಶಿವಕಾಶಿಯ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಎಂಬಿಬ್ಬರು ಕಲ್ಕತ್ತೆಗೆ ಹೋಗಿ ಕೆಲಸ ಕಲಿತು ಬಂದು ತಮ್ಮ ಬಂಜರು ಸೀಮೆಯಲ್ಲಿ ಈ ಉದ್ಯಮ ಹೂಡಿದ್ದು 1922-23ರ ಮಾತು. ಎಂದರೆ ನಮ್ಮಲ್ಲಿ ಉದ್ಯಮ ದೊಡ್ಡದಾಗಿ ಬೆಳೆಯುವುದಕ್ಕೆ ಮೊದಲೇ ಕಾನೂನು ಬಂದು ಕುಳಿತಿತ್ತು. ಲಂಡನ್ನಿನ ಹುಡುಗಿಯರ ದವಡೆಯ ಋಣ ನಮ್ಮ ಮೇಲಿರುವುದು ಹೀಗೆ. ಇಂಥ ಅದೃಷ್ಟ ನಮಗೆ ಮತ್ತೆ ಮತ್ತೆ ದೊರೆಯಲಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಕಲ್ಲಿನ ದೂಳು ಗಣಿಯಾಳುಗಳ ಪುಪ್ಪುಸವನ್ನು ಕಲ್ಲು ಮಾಡುತ್ತಿದ್ದುದು 1947ರಲ್ಲಿ ವೈದ್ಯರ ವರದಿಯಾಗಿ ಹೊರಬಂದಾಗ ಆ ಗಣಿಗಳಿಗೆ ಅರವತ್ತು ವರ್ಷ ದಾಟಿತ್ತು. ಶಿವಕಾಶಿಯ ಮಕ್ಕಳಿಗೂ ದವಡೆ ಉಳಿಯಿತೆಂದ ಮಾತ್ರಕ್ಕೆ ಬಾಲ್ಯ ಉಳಿಯಲಿಲ್ಲ. ಬೆಂಕಿಯ ಭಯವೂ ತಪ್ಪಲಿಲ್ಲ. ಅವರನ್ನು ಕುರಿತು ಸುಪ್ರೀಂ ಕೋರ್ಟು ಕಟುವಾಗಿ ಮಾತಾಡಿ, ದುಡಿಸಿದ ಮಾಲೀಕರಿಂದ ಮಗುವೊಂದಕ್ಕೆ 20,000 ರೂಪಾಯಿ ವಸೂಲು ಮಾಡಬೇಕೆಂದು ತೀರ್ಪಿತ್ತದ್ದು 1996ರಲ್ಲಿ.

ಬೋ ಕಾರ್ಖಾನೆ 1979ರಲ್ಲಿ ಮುಚ್ಚಿತು. ಆ ಕೆಂಪು ಇಟ್ಟಿಗೆಯ ಕಟ್ಟಡಗಳು ಈಗ ಸ್ಥಿತಿವಂತರ ವಾಸದ ಮನೆಗಳಾಗಿವೆ. 1888ರ ಮುಷ್ಕರವನ್ನು ನೆನೆಯುವ ನೀಲಿ ಫಲಕವೊಂದನ್ನು 2022ರಲ್ಲಿ ಅಲ್ಲಿ ಹಾಕಿದರು.

ದವಡೆಯ ಕಥೆ ಮಾತ್ರ ಎಲ್ಲರೂ ಮುಗಿಯಿತೆಂದುಕೊಂಡ ಮೇಲೆ ಇನ್ನೊಂದು ಪುಟ ತಿರುವಿತು. 2003ರಲ್ಲಿ ಅಮೆರಿಕದ ಬಾಯಿಯ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ತಮ್ಮ ಕೆಲವು ರೋಗಿಗಳ ದವಡೆಯ ಎಲುಬು ಸತ್ತು ಒಸಡಿನಿಂದ ಹೊರಗೆ ಕಾಣುತ್ತಿರುವುದನ್ನು ವರದಿ ಮಾಡಿದರು. ಅವರಾರೂ ಕಾರ್ಖಾನೆಯ ಮುಖ ಕಂಡವರಲ್ಲ. ಎಲುಬಿಗೆ ಹರಡಿದ ಕ್ಯಾನ್ಸರಿಗೋ ಎಲುಬು ಸವೆಯುವ ಕಾಯಿಲೆಗೋ ಬಿಸ್‌ಫಾಸ್ಫೊನೇಟ್ ಎಂಬ ಜಾತಿಯ ಔಷಧ ಪಡೆಯುತ್ತಿದ್ದವರು. ಆ ಔಷಧದ ಅಣುವಿನ ನಡುವೆಯೂ ರಂಜಕವಿದೆ. ವೈದ್ಯರು ಹತ್ತೊಂಬತ್ತನೆಯ ಶತಮಾನದ ವರದಿಗಳ ದೂಳು ಕೊಡವಿ ಮತ್ತೆ ಓದಿದರು. ಆ ಕಾಲದಲ್ಲಿ ಬರೆದಿಟ್ಟ ಹೆಸರಿಲ್ಲದ ಕಡ್ಡಿಯ ಹುಡುಗಿಯರ ಲಕ್ಷಣಗಳು ಈ ರೋಗಿಗಳಿಗೆ ಸಾಲು ಸಾಲಾಗಿ ಹೊಂದಿದುವು. ಈ ಔಷಧದಿಂದ ಉಪಕಾರ ಪಡೆದವರು ಲಕ್ಷಾಂತರ ಮಂದಿ. ದವಡೆಗೆ ಕೇಡಾಗುವುದು ಬಹು ಕಡಮೆ ಜನಕ್ಕೆ. ಗುಳಿಗೆ ನುಂಗುವವರು ಇದನ್ನು ಓದಿ ಹೆದರಬೇಕಾಗಿಲ್ಲ. ಆದರೆ ತಿಳಿದ ವೈದ್ಯರು ಈ ಔಷಧವನ್ನು, ಅದರಲ್ಲಿಯೂ ಸೂಜಿಮದ್ದಾಗಿ, ಮೊದಲು ಮಾಡುವ ಮುನ್ನ ರೋಗಿಯನ್ನು ದಂತವೈದ್ಯರ ಬಳಿಗೆ ಕಳುಹಿಸಿ ಹುಳುಕು ಹಲ್ಲಿದ್ದರೆ ತೆಗೆಸಿಬಿಡುತ್ತಾರೆ. ಬೋ ಕಾರ್ಖಾನೆಯ ಹುಡುಗಿಯರಿಗೆ ಕಂಪನಿ ಹಾಕಿದ್ದ ಕಟ್ಟಳೆಯೂ ಅದೇ ಆಗಿತ್ತು.